ಅಕ್ಕನ ಹಾಲಿನ ಬುಕ್ಕು, ಮಗನ ಜಿಮ್ ಬುಕ್ಕು

ಜೂನ್ ಮೊದಲ ವಾರ ಅಕ್ಕ ಫೋನ್ ಮಾಡಿದಳು. "ನನ್ ಮಗ ಆರು ತಿಂಗಳಿಂದ ಜಿಮ್ಮಿಗೆ ದುಡ್ಡು ಕಟ್ತಾ ಇದಾನೆ, ಮೈ ನೋಡಿದ್ರೆ ಹಂಚಿಕಡ್ಡಿ ಹಂಗೇ ಇದೆ. ಈಗ ಅದೇನೋ ಡಬ್ಬ ತರ್ಬೇಕಂತೆ, ಎರಡೂವರೆ ಸಾವಿರ ಕೊಡು ಅಂತಾನೆ. ನೀನೇ ಬಂದು ಒಂದ್ಸಲ ವಿಚಾರಿಸು."

ನಾನು ಕೋಲಾರದ ಒಂದು ಜಿಮ್‌ನಲ್ಲಿ ಸಂಜೆ ಹೊತ್ತು ಹೊಸಬರಿಗೆ ಹೇಳಿಕೊಡುತ್ತೇನೆ. ಡಾಕ್ಟರ್ ಅಲ್ಲ, ಡಯಟಿಷಿಯನ್ನೂ ಅಲ್ಲ. ಇಂಥ ಹುಡುಗರನ್ನು ತುಂಬ ನೋಡಿದ್ದೇನೆ, ಆದರೆ ಅವರು ಮನೆಯಲ್ಲಿ ನಿಜವಾಗಿ ಏನು ತಿನ್ನುತ್ತಾರೆ ಅನ್ನೋದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ, ಅವರು ಹೇಳಿದ್ದನ್ನೇ ನಂಬಬೇಕು. ಈ ಕೇಸು ನಮ್ಮ ಮನೆಯದೇ ಆದ್ದರಿಂದ ಒಳಗಿನ ಲೆಕ್ಕವೆಲ್ಲ ಕೈಗೆ ಸಿಕ್ಕಿತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಮಾವ ಅಂದಿದ್ದಾನೆ, ಹಾಗಾಗಿ ಹುಡುಗ ಅಂತಲೇ ಕರೆಯೋಣ.

ಹುಡುಗನಿಗೆ 23 ವರ್ಷ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಎತ್ತರ 173 ಸೆಂ.ಮೀ., ತೂಕ 53 ಕೆಜಿ. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಬಿಎಂಐ ಲೆಕ್ಕ ಹಾಕಿದರೆ 17.7 ಬರುತ್ತದೆ, 18.5ಕ್ಕಿಂತ ಕೆಳಗಿದ್ದರೆ ತೂಕ ಕಡಿಮೆ ಅಂತಲೇ ಅರ್ಥ. ವಾರಕ್ಕೆ ಆರು ದಿನ ಜಿಮ್, ದಿನಕ್ಕೆ ಒಂದೂವರೆ ಗಂಟೆ. ಸೋಮಾರಿ ಅಂತ ಯಾರೂ ಹೇಳುವ ಹಾಗಿಲ್ಲ.

ಏನೇನು ಮಾಡ್ತೀಯ ಅಂತ ಕೇಳಿದೆ. ಸೋಮವಾರ ಎದೆ, ಮಂಗಳವಾರ ಬೈಸೆಪ್ಸ್, ಬುಧವಾರ ಭುಜ, ಗುರುವಾರ ಮತ್ತೆ ಎದೆ, ಶುಕ್ರವಾರ ಮತ್ತೆ ಬೈಸೆಪ್ಸ್, ಶನಿವಾರ ಹೊಟ್ಟೆ. ಬೆನ್ನು? "ಒಂದೊಂದ್ಸಲ." ಕಾಲು? "ಕಂಪ್ನಿ ಬಸ್ಸಲ್ಲಿ ನಿಂತ್ಕೊಂಡೇ ಹೋಗ್ತೀನಿ ಮಾವ, ಭಾನುವಾರ ಅಂತರಗಂಗೆ ಮೆಟ್ಲು ಹತ್ತಿ ಇಳೀತೀನಿ, ಕಾಲಿಗೆ ಅಷ್ಟು ಸಾಕಲ್ವಾ?" ಬೆಂಚಿನ ಮೇಲೆ ಮಲಗಿ ಎದೆಯಿಂದ ರಾಡು ಎತ್ತುವ ಬೆಂಚ್ ಪ್ರೆಸ್‌ನಲ್ಲಿ ಎಷ್ಟು ಎತ್ತುತ್ತೀಯ ಅಂದರೆ 30 ಕೆಜಿ ಅಂದ. ಜನವರಿಯಲ್ಲಿ ಎಷ್ಟು ಎತ್ತುತ್ತಿದ್ದೆ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ 30 ಇರ್ಬೇಕು" ಅಂದ. ಎಷ್ಟು ಸಲ, ಎಷ್ಟು ಸೆಟ್? "ಲೆಕ್ಕ ಇಟ್ಟಿಲ್ಲ, ಪಂಪ್ ಬರೋವರೆಗೂ ಹೊಡೀತೀನಿ."

ಇಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಐದು ತಿಂಗಳು ಅದೇ ತೂಕವನ್ನೇ ಎತ್ತಿದರೆ ಮೈಗೆ ಬೆಳೆಯಲು ಕಾರಣವೇ ಇಲ್ಲ. ಮಾಂಸಖಂಡ ಬೆಳೆಯುವುದು ನಿನ್ನೆಗಿಂತ ಇವತ್ತು ಒಂಚೂರು ಜಾಸ್ತಿ ಕೇಳಿದಾಗ. ಕೈಗೆ ರಕ್ತ ನುಗ್ಗಿ ಉಬ್ಬಿದಂತೆ ಕಾಣುವ ಆ ಪಂಪ್ ಮನೆಗೆ ಹೋಗುವಷ್ಟರಲ್ಲಿ ಇಳಿದಿರುತ್ತದೆ.

ಇನ್ನರ್ಧ ಊಟದಲ್ಲಿತ್ತು. ಅವನನ್ನು ಕೂರಿಸಿಕೊಂಡು ಒಂದು ದಿನದ ಊಟ ಬರೆಸಿದೆ. ಬೆಳಗ್ಗೆ ಐದೂವರೆಗೆ ಬಸ್ಸು, ಅದಕ್ಕೆ ಮುಂಚೆ ಟೀ, ಬನ್ನು. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮೂರು ಇಡ್ಲಿ. ಮಧ್ಯಾಹ್ನ ಅನ್ನ, ನೀರು ಸಾಂಬಾರು, ಸ್ವಲ್ಪ ಪಲ್ಯ, ಒಂದು ಬಟ್ಟಲು ಮೊಸರು. ಸಂಜೆ ಟೀ, ಒಂದು ಬಾಳೆಹಣ್ಣು, ಜಿಮ್. ರಾತ್ರಿ ಒಂದು ಮುದ್ದೆ, ಸಾರು. ಎಲ್ಲ ಕೂಡಿಸಿದರೆ ಪ್ರೋಟೀನ್ 41 ಗ್ರಾಂ ಹತ್ತಿರ, ಕ್ಯಾಲೊರಿ 1,750ರ ಆಸುಪಾಸು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ಸುಮ್ಮನೆ ಬದುಕಿರೋ ಮನುಷ್ಯನಿಗೇ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಇವನ ತೂಕಕ್ಕೆ 44 ಗ್ರಾಂ. ಅಂದರೆ ಜಿಮ್ಮಿಗೇ ಹೋಗದವನಿಗೂ ಸಾಲದಷ್ಟು ತಿಂದುಕೊಂಡು ಇವನು ವಾರಕ್ಕೆ ಒಂಬತ್ತು ಗಂಟೆ ಕಬ್ಬಿಣ ಎತ್ತುತ್ತಿದ್ದ.

ಮುದ್ದೆ ತಿಂತೀನಲ್ಲ ಅಂತ ಅವನ ವಾದ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಗಾದೆ ಕೇಳಿ ಬೆಳೆದವರು ನಾವು. ರಾಗಿ ಒಳ್ಳೆಯದೇ, ಅದರಷ್ಟು ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲೂ ಇಲ್ಲ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ 7 ಗ್ರಾಂ ಮಾತ್ರ. ಬೆಟ್ಟ ಕಿತ್ತಿಟ್ಟವನು ಮುದ್ದೆ ಜೊತೆ ಹುರುಳಿಕಾಳು ಬಸ್ಸಾರು ದಂಡಿಯಾಗಿ ತಿಂದಿರಬೇಕು.

ನನಗೆ ತಮಾಷೆ ಅನಿಸಿದ್ದು ಬೇರೆ. ಇವರ ಮನೆಯಲ್ಲಿ ಎರಡು ಸೀಮೆಹಸು ಇವೆ. ದಿನಾ ಹದಿನಾರು ಹದಿನೇಳು ಲೀಟರ್ ಹಾಲು ಊರ ಡೈರಿಗೆ ಹೋಗುತ್ತದೆ. ಮನೆಗೆ ಉಳಿಯುವುದು ಟೀಗೆ, ಹೆಪ್ಪಿಗೆ ಆಗುವಷ್ಟು. ಹುಡುಗ ಹಾಲು ಕುಡಿದು ವರ್ಷಗಳೇ ಆಗಿತ್ತು. ಹಿತ್ತಲಲ್ಲಿ ಹಾಲು ಹರಿಯುತ್ತಿದೆ, ಇವನು ಪೌಡರ್ ಡಬ್ಬಕ್ಕೆ ಎರಡೂವರೆ ಸಾವಿರ ಕೇಳುತ್ತಿದ್ದಾನೆ.

ಆ ಡಬ್ಬದ ಫೋಟೋ ತೋರಿಸಿದ. ಮಾಸ್ ಗೇನರ್, ಅಂದರೆ ತೂಕ ಏರಿಸುವ ಪೌಡರ್. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ದೊಡ್ಡದು ಮಾಡಿ ಓದಿದೆವು: 100 ಗ್ರಾಂಗೆ ಪ್ರೋಟೀನ್ 15 ಗ್ರಾಂ, ಉಳಿದದ್ದು ಹೆಚ್ಚುಕಡಿಮೆ ಎಲ್ಲ ಮಾಲ್ಟೊಡೆಕ್ಸ್‌ಟ್ರಿನ್ ಅನ್ನೋ ಪಿಷ್ಟದ ಪುಡಿ, ಸಕ್ಕರೆ. ಅಂಗಡಿಯ ಹುರಿಗಡಲೆಯಲ್ಲಿ ಇದಕ್ಕಿಂತ ಜಾಸ್ತಿ ಪ್ರೋಟೀನ್ ಇದೆ ಕಣೋ ಅಂದೆ. ನಂಬಲಿಲ್ಲ. ಫೋನಿನಲ್ಲೇ ಹುಡುಕಿ ನೋಡಿ ಆಮೇಲೆ ಸುಮ್ಮನಾದ. ವೇ ಪ್ರೋಟೀನ್ ಬೇರೆ ವಿಷಯ, ಅದು ಹಾಲಿನಿಂದಲೇ ತೆಗೆದದ್ದು, ಊಟದಿಂದ ಲೆಕ್ಕ ತುಂಬದವರಿಗೆ ಅನುಕೂಲ. ಈ ಮನೆಗೆ ಅದರ ಅವಶ್ಯಕತೆ ಇರಲಿಲ್ಲ.

ಎಲ್ಲಕ್ಕೂ ಮುಂಚೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ತಿಂದರೂ ಮೈ ಹತ್ತುವುದಿಲ್ಲ ಅನ್ನುವವರಲ್ಲಿ ಥೈರಾಯ್ಡ್, ಶುಗರ್, ಹೊಟ್ಟೆಹುಳು, ಕೆಲವೊಮ್ಮೆ ಟಿಬಿ ಕೂಡ ಇರಬಹುದು, ಅದನ್ನು ನೋಡದೆ ಮೊಟ್ಟೆ ತಿನ್ನಿಸಿ ಏನು ಪ್ರಯೋಜನ. ಇವನಿಗೆ ಬೇರೆಲ್ಲ ಸರಿ ಇತ್ತು, ಹಿಮೋಗ್ಲೋಬಿನ್ 12.4. ಗಂಡಸರಿಗೆ 13 ಇರಬೇಕು. ಡಾಕ್ಟರ್ ಕಬ್ಬಿಣದ ಮಾತ್ರೆ, ಹುಳದ ಮಾತ್ರೆ ಬರೆದುಕೊಟ್ಟು, ಊಟದ ಜೊತೆ ಟೀ ಕುಡಿಯಬೇಡ, ಕಬ್ಬಿಣ ಮೈಗೆ ಹತ್ತಲ್ಲ ಅಂದರು.

ಅಕ್ಕನಿಗೆ ಹೇಳುವುದು ಕಷ್ಟ ಆಗುತ್ತದೆ ಅಂದುಕೊಂಡಿದ್ದೆ. ದಿನಾ ಅರ್ಧ ಲೀಟರ್ ಹಾಲು ಮಗನಿಗೆ ಅಂದರೆ ತಿಂಗಳಿಗೆ ಹದಿನೈದು ಲೀಟರಿನ ಡೈರಿ ದುಡ್ಡು ಕಡಿಮೆ, ಐನೂರು ರೂಪಾಯಿ ಮೇಲೇ ಆಗುತ್ತದೆ. ಆದರೆ ಹಸು ಸಾಕುವವಳಿಗೆ ಪ್ರೋಟೀನ್ ಅನ್ನುವ ಪದವೇ ಬೇಕಾಗಲಿಲ್ಲ. "ಹಿಂಡಿ ಬೂಸಾ ಇಡದೆ ಬರೀ ಒಣಹುಲ್ಲು ಹಾಕಿ ಹಾಲು ಬಾ ಅಂದ್ರೆ ಬರುತ್ತಾ?" ಅಂತ ಕೇಳಿದೆ. ಅವಳು ಮಗನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ಇಷ್ಟು ದಿನ ಒಣಹುಲ್ಲಲ್ಲೇ ಇದ್ದ" ಅಂದಳು.

ಎಷ್ಟು ಪ್ರೋಟೀನ್ ಅನ್ನೋದಕ್ಕೆ ನಾನು ಹಿಡಿದದ್ದು ಕೆಜಿ ತೂಕಕ್ಕೆ 1.6 ಗ್ರಾಂ. 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ 49 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ಲೇಖನ ಬಂತು, ಸರಾಸರಿ ಅಷ್ಟು ದಾಟಿದ ಮೇಲೆ ಹೆಚ್ಚು ತಿಂದರೂ ಹೆಚ್ಚು ಲಾಭ ಕಾಣಲಿಲ್ಲ ಅಂತ. ಇವನ ಲೆಕ್ಕಕ್ಕೆ 85 ಗ್ರಾಂ. ಅರ್ಧ ಲೀಟರ್ ಹಾಲಿಂದ 16, ಎರಡು ಮೊಟ್ಟೆಯಿಂದ 12, ಐವತ್ತು ಗ್ರಾಂ ಹುರುಳಿಯನ್ನೋ ಹೆಸರುಕಾಳನ್ನೋ ನೆನೆಸಿ ಉಸ್ಲಿ ಮಾಡಿದರೆ 11 ಹತ್ತಿರ, ಒಂದು ಹಿಡಿ ಕಡ್ಲೆಕಾಯಿ ಬೀಜದಿಂದ 7. ಬನ್ನು ತೆಗೆದೆವು. ಹಳೇ ಊಟದ ಜೊತೆ ಇಷ್ಟು ಸೇರಿದರೆ 85 ಹತ್ತಿರ ಬಂತು, ಕ್ಯಾಲೊರಿ 2,400. ಶನಿವಾರ ಇವರ ಮನೆಯಲ್ಲಿ ಮೊಟ್ಟೆ ಇಲ್ಲ, ಶ್ರಾವಣದಲ್ಲಿ ತಿಂಗಳೆಲ್ಲ ಇಲ್ಲ. ಅವತ್ತು ಮೀಲ್ ಮೇಕರ್ (ಸೋಯಾ ಉಂಡೆ), 25 ಗ್ರಾಂ ಒಣದ್ದು ಹಾಕಿದರೆ ಎರಡು ಮೊಟ್ಟೆಯಷ್ಟೇ ಆಗುತ್ತದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೊದಲ ದಿನದಿಂದಲೇ ಎಲ್ಲ ಒಟ್ಟಿಗೆ ಶುರು ಮಾಡಿಸಿದೆ. ವರ್ಷಗಟ್ಟಲೆ ಹಾಲು ಮುಟ್ಟದ ಹೊಟ್ಟೆಗೆ ಅರ್ಧ ಲೀಟರ್ ಹಾಲು, ಮೇಲೆ ಹುರುಳಿ. ನಾಲ್ಕು ದಿನ ಹುಡುಗ ಮಷಿನ್ ಮುಂದೆ ನಿಂತಿದ್ದಕ್ಕಿಂತ ಫ್ಯಾಕ್ಟರಿ ಟಾಯ್ಲೆಟ್ಟಿಗೆ ಓಡಿದ್ದೇ ಜಾಸ್ತಿ. ಅಕ್ಕ, ಹುರುಳಿ ಉಷ್ಣ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ ಅಂತ ಬೈದಳು. ಉಷ್ಣವೋ ಏನೋ, ಹಿಂದೆ ಸರಿದು ಒಂದು ಲೋಟ ಹಾಲು, ಒಂದು ಹಿಡಿ ಮೊಳಕೆ ಕಾಳಿನಿಂದ ಮತ್ತೆ ಶುರು ಮಾಡಿ, ಮೂರು ವಾರ ತೆಗೆದುಕೊಂಡು ಪೂರ್ತಿ ಅಳತೆಗೆ ಬಂದೆವು. ಈಗ ಯಾರಿಗೇ ಹೇಳಿದರೂ ಮೊದಲೇ ಇದನ್ನು ಹೇಳುತ್ತೇನೆ.

ಜಿಮ್ಮು ವಾರಕ್ಕೆ ಆರು ದಿನ ಇದ್ದದ್ದು ಮೂರು ದಿನ ಆಯಿತು. ಕಮ್ಮಿ ಮಾಡಿದ್ದಕ್ಕೆ ಅವನಿಗೆ ಬೇಜಾರು. ಎರಡು ಪಟ್ಟಿ ಕೊಟ್ಟೆ, ಒಂದು ಸಲ ಒಂದು, ಮುಂದಿನ ಸಲ ಇನ್ನೊಂದು, ಎರಡೂ ಇಡೀ ಮೈಗೆ. ಮೊದಲನೆಯದರಲ್ಲಿ ತೂಕ ಹೊತ್ತು ಕೂತು ಏಳುವ ಸ್ಕ್ವಾಟ್, ಬೆಂಚ್ ಪ್ರೆಸ್, ಬಾಗಿ ರಾಡನ್ನು ಹೊಟ್ಟೆ ಕಡೆ ಎಳೆಯುವ ಬಾರ್ಬೆಲ್ ರೋ. ಎರಡನೆಯದರಲ್ಲಿ ನೆಲದಿಂದ ರಾಡು ಎತ್ತಿ ನಿಲ್ಲುವ ಡೆಡ್‌ಲಿಫ್ಟ್, ತಲೆ ಮೇಲಕ್ಕೆ ಎತ್ತುವ ಪ್ರೆಸ್, ಮೇಲಿನ ಕಂಬಿಯನ್ನು ಎದೆಗೆ ಎಳೆಯುವ ಲ್ಯಾಟ್ ಪುಲ್‌ಡೌನ್. ಕೊನೆಗೆ ಬೈಸೆಪ್ಸ್‌ಗೆ ಎರಡು ಸೆಟ್, ಅದು ಅವನ ಸಮಾಧಾನಕ್ಕೆ. ಉಳಿದ ಒಂದೊಂದಕ್ಕೂ ಮೂರು ಸೆಟ್, ಸೆಟ್ಟಿಗೆ 8ರಿಂದ 12 ಸಲ, ಮಧ್ಯೆ ಎರಡು ನಿಮಿಷ ಕೂರಬೇಕು, ಫೋನ್ ನೋಡಿ ಏಳು ನಿಮಿಷ ಮಾಡಬಾರದು. ಇನ್ನೆರಡು ಎತ್ತಬಹುದು ಅನ್ನಿಸಿದಾಗ ನಿಲ್ಲಿಸಬೇಕು. ಮೂರು ಸೆಟ್ಟೂ 12 ಮುಟ್ಟಿದ ದಿನ ಬರೆದಿಡು, ಮುಂದಿನ ಸಲ ಎರಡೂವರೆ ಕೆಜಿ ಏರಿಸು, ಮತ್ತೆ 8ರಿಂದ ಶುರು ಮಾಡು. ಇಷ್ಟೇ.

ಬರೆದಿಡು ಅಂದರೆ ಫೋನಿನಲ್ಲಿ ಬರೀತೀನಿ ಅಂದ. ಅಲ್ಲೇ ಗೂಟಕ್ಕೆ ಅಕ್ಕನ ಹಾಲಿನ ಬುಕ್ಕು ನೇತಾಡುತ್ತಿತ್ತು. ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು, ಒಂದು ದಿನವೂ ಬಿಟ್ಟಿಲ್ಲ. ಫ್ಯಾಟ್ ಒಂದು ಪಾಯಿಂಟ್ ಇಳಿದರೆ ಮೇವಿನಲ್ಲಿ ಏನು ಕಮ್ಮಿ ಆಯ್ತು ಅಂತ ಅವಳು ಅವತ್ತೇ ಯೋಚನೆ ಮಾಡುತ್ತಾಳೆ. ಹತ್ತು ರೂಪಾಯಿಯ ಅಂಥದ್ದೇ ಒಂದು ಬುಕ್ಕು ತಂದುಕೊಟ್ಟೆ. ತಾರೀಕು, ತೂಕ, ಎಷ್ಟು ಸಲ, ತಿಂದದ್ದು, ನಿದ್ದೆ.

ಮೊದಲ ಸ್ಕ್ವಾಟ್ ನೋಡಬೇಕಿತ್ತು. ಎದೆಗೆ 10 ಕೆಜಿ ಡಂಬೆಲ್ ಹಿಡಿದುಕೊಂಡು ಕೂತ, ಏಳಲಿಕ್ಕೆ ಮೊಣಕಾಲು ಎರಡೂ ಒಳಗೆ ಬಂದವು. ಮಾರನೇ ದಿನ ಬಸ್ಸು ಹತ್ತಲು ಕಂಬಿ ಹಿಡಿದು ಮೈ ಎಳೆದುಕೊಂಡನಂತೆ. ಆದರೆ ಆರನೇ ವಾರಕ್ಕೆ 25 ಕೆಜಿ ಇಟ್ಟುಕೊಂಡು ಹತ್ತು ಸಲ ಕೂತು ಎದ್ದ. "ಮಾವ, ಕಾಲು ಇನ್ನೂ ಹಂಗೇ ಇದೆ, ಶಕ್ತಿ ಎಲ್ಲಿಂದ ಬಂತು?" ಅಂತ ಕೇಳಿದ. ಮೊದಲ ಕೆಲವು ವಾರ ಏರುವ ಶಕ್ತಿ ಬಹುಪಾಲು ನರಗಳದ್ದು, ಇರುವ ಮಾಂಸವನ್ನೇ ಒಟ್ಟಿಗೆ ಕೆಲಸಕ್ಕೆ ಕರೆಯುವುದನ್ನು ಮೆದುಳು ಕಲಿಯುತ್ತದೆ. ಮಾಂಸ ಕಣ್ಣಿಗೆ ಕಾಣಲು ತಿಂಗಳುಗಳೇ ಬೇಕು. ಹೊಸಬರು ಜಿಮ್ ಬಿಡುವುದು ಸರಿಯಾಗಿ ಈ ಮಧ್ಯದಲ್ಲೇ.

ತೂಕ ಮೊದಲ ಎರಡು ವಾರದಲ್ಲೇ 54.1ಕ್ಕೆ ಹೋಯಿತು. ಕುಣಿಯಬೇಡ, ಅದು ಹೊಟ್ಟೆಯಲ್ಲಿರುವ ಊಟ, ನೀರು ಅಂದೆ. ಆಮೇಲೆ ನಿಧಾನ ಆಯಿತು. ಆಗಸ್ಟ್ ಕೊನೆಗೆ 55.6. ವಾರಕ್ಕೆ ಕಾಲು ಕೆಜಿಗಿಂತ ಕಮ್ಮಿ, ನನಗೆ ಖುಷಿ, ಅವನಿಗೆ ಸಾಲದು. ಇನ್ನೂ ಬೇಗ ಏರಿಸಬಹುದಿತ್ತು, ಆದರೆ ಆಗ ಸೊಂಟದ ಸುತ್ತಲೇ ಏರುತ್ತದೆ.

ಸೆಪ್ಟೆಂಬರ್‌ನಲ್ಲಿ ಲೆಕ್ಕ ಕೆಟ್ಟಿತು. ಮೂರು ವಾರದಲ್ಲಿ ತೂಕ 55.6ರಿಂದ 54.9ಕ್ಕೆ ಇಳಿಯಿತು, ಬೆಂಚ್ 37.5ರಲ್ಲಿ ನಿಂತುಬಿಟ್ಟಿತು. ಬುಕ್ಕು ತರಿಸಿ ನೋಡಿದೆ. ರಾತ್ರಿ ಶಿಫ್ಟ್ ಬಿದ್ದಿತ್ತು, ನಿದ್ದೆಯ ಕಡೆ ನಾಲ್ಕು ಗಂಟೆ, ನಾಲ್ಕೂವರೆ ಗಂಟೆ ಅಂತ ಇತ್ತು. ಹಗಲಲ್ಲಿ ಮಲಗೋಣ ಅಂದರೆ ಬೀದಿಯಲ್ಲಿ ಗಣೇಶನ ಪೆಂಡಾಲು, ಮೈಕು. ಇದು ಒಂದು ಕಾರಣ, ಸರಿ. ಆದರೆ ಊಟದ ಪಟ್ಟಿ ಅಚ್ಚುಕಟ್ಟಾಗಿತ್ತು. ಹಾಲು ಅರ್ಧ ಲೀಟರ್, ದಿನಾ. ಕಾಳು, ದಿನಾ. ಬರೀ ನಿದ್ದೆಗೆ ಇಷ್ಟು ಇಳಿಯುತ್ತಾ ಅಂತ ನನಗೆ ಅನುಮಾನ.

ಭಾನುವಾರ ಮನೆಗೆ ಹೋದೆ. ಟೀ ಕೊಟ್ಟಳು ಅಕ್ಕ. ಟೀ ತೆಳ್ಳಗಿತ್ತು. ಕೊಟ್ಟಿಗೆ ಕಡೆ ನೋಡಿದರೆ ಒಂದು ಹಸು ಗಬ್ಬ, ಹೊಟ್ಟೆ ಬಿಟ್ಟಿದೆ, ಹಾಲು ಬತ್ತಿಸಿ ಹದಿನೈದು ದಿನ ಆಯಿತಂತೆ. ಗೂಟದಲ್ಲಿದ್ದ ಹಾಲಿನ ಬುಕ್ಕು ಬಿಡಿಸಿದೆ. ಉಳಿದ ಹಸು ಕೊಡುವುದು ದಿನಕ್ಕೆ ಒಂಬತ್ತು ಲೀಟರ್ ಅಂತ ಅವಳೇ ಹೇಳಿದ್ದಳು. ಡೈರಿಗೆ ಹೋಗುತ್ತಿರುವುದು ಎಂಟೂವರೆ. ಉಳಿಯುವ ಅರ್ಧ ಲೀಟರ್‌ನಲ್ಲಿ ಮನೆಯವರ ಟೀ, ಭಾವನ ಮೊಸರು, ಇವನ ಹಾಲು.

"ಅಕ್ಕ, ಇವನ ಲೋಟಕ್ಕೆ ಏನು ಹಾಕ್ತಾ ಇದೀಯ?"

ಸೆರಗಲ್ಲಿ ಮುಖ ಒರೆಸಿಕೊಂಡಳು. "ಹಸು ಸಾಲದ ಕಂತು ಇದೆಯಲ್ಲೋ. ಒಂಚೂರು ನೀರು ಹಾಕಿ, ಸಕ್ಕರೆ ಜಾಸ್ತಿ ಹಾಕಿ ಕೊಡ್ತಾ ಇದ್ದೆ. ಕರು ಹಾಕೋವರ್ಗೂ ಅಷ್ಟೇ ಅಂತ."

ಒಂಚೂರು ಅಂದರೆ ಮುಕ್ಕಾಲು ಲೋಟ. ಹುಡುಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ, ಅವನಿಗೆ ರುಚಿಯಲ್ಲಿ ಗೊತ್ತೇ ಆಗಿರಲಿಲ್ಲ. ಡೈರಿಗೆ ನೀರು ಹಾಕಿದ್ದರೆ ಅಲ್ಲಿನ ಮಷಿನ್ ಅವತ್ತೇ ಹಿಡಿಯುತ್ತಿತ್ತು. ಮಗನ ಲೋಟಕ್ಕೆ ಮಷಿನ್ ಇಲ್ಲವಲ್ಲ. ಲೆಕ್ಕ ಹಾಕಿದರೆ ದಿನಕ್ಕೆ ಹನ್ನೆರಡು ಗ್ರಾಂ ಪ್ರೋಟೀನ್, ಇನ್ನೂರಕ್ಕೂ ಜಾಸ್ತಿ ಕ್ಯಾಲೊರಿ ಹೋಗಿತ್ತು. ಮೇಲೆ ರಾತ್ರಿ ಶಿಫ್ಟಿನಲ್ಲಿ ಕ್ಯಾಂಟೀನ್ ಊಟ ಸೇರುತ್ತಿರಲಿಲ್ಲ, ಅದು ಬುಕ್ಕಿನಲ್ಲಿ "ಊಟ" ಅಂತಷ್ಟೇ ಇತ್ತು, ಎಷ್ಟು ಅಂತ ಇರಲಿಲ್ಲ.

ಅಕ್ಕನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳ ಲೆಕ್ಕವೂ ಲೆಕ್ಕವೇ. ನಾನು ಕೊಟ್ಟ ಪಟ್ಟಿಯೇ ಒಂದು ಹಸುವಿನ ಮೇಲೆ ನಿಂತಿತ್ತು, ಹಸು ಬತ್ತಿದರೆ ಏನು ಅಂತ ನಾನೇ ಯೋಚಿಸಿರಲಿಲ್ಲ. ಹಾಲನ್ನು ಒಂದು ಲೋಟಕ್ಕೆ ಇಳಿಸಿ, ನೀರಿಲ್ಲದೆ, ಉಳಿದದ್ದನ್ನು ಅಗ್ಗದ ಕಡೆ ತಿರುಗಿಸಿದೆವು. ಮಧ್ಯಾಹ್ನದ ಡಬ್ಬಿಗೆ ಐವತ್ತು ಗ್ರಾಂ ಹುರಿಗಡಲೆ, ರಾತ್ರಿ ಸಾರಿಗೆ ಒಂದು ಹಿಡಿ ಮೀಲ್ ಮೇಕರ್. ಕಾಳಿನ ಸಾರಿನಲ್ಲಿ ಅದು ಬೆಂದು ಹೋದರೆ ಭಾವನಿಗೂ ಗೊತ್ತಾಗುವುದಿಲ್ಲ. ದುಡ್ಡು ಹಾಲಿನ ಅರ್ಧದಷ್ಟೂ ಆಗಲಿಲ್ಲ.

ಶಿಫ್ಟಿಗೆ ಬೇರೆ ನಿಯಮ ಮಾಡಿದೆ. ರಾತ್ರಿ ಪಾಳಿ ಇರುವ ವಾರ ಜಿಮ್ ಎರಡೇ ದಿನ, ಹಳೇ ತೂಕವನ್ನೇ ಎತ್ತು, ಏರಿಸಬೇಡ, ಸೋತೆ ಅಂತಲೂ ಅಂದುಕೊಳ್ಳಬೇಡ. ಶಿಫ್ಟ್ ಮುಗಿಸಿ ನೇರ ಜಿಮ್ಮಿಗೆ ಬರಬೇಡ, ಮಲಗಿ ಎದ್ದು ತಿಂದು ಬಾ. ಕಿಟಕಿಗೆ ಅಕ್ಕನ ಹಳೇ ಕಂಬಳಿ ಕಟ್ಟಿದ. ಆರು ಗಂಟೆ ನಿದ್ದೆ ಸಿಗತೊಡಗಿತು.

ಇದೇ ಹೊತ್ತಿಗೆ ಅವನ ಹಳೇ ಜಿಮ್ಮಿನ ಗೆಳೆಯ ಒಬ್ಬ ಮಾತ್ರೆ ಕೊಟ್ಟಿದ್ದ, ತಿಂಗಳಲ್ಲಿ ಐದು ಕೆಜಿ ಗ್ಯಾರಂಟಿ ಅಂತ. ಸ್ಟ್ರಿಪ್ ಹಿಂದೆ ಓದಿದರೆ ಸೈಪ್ರೊಹೆಪ್ಟಡಿನ್. ಅದು ಅಲರ್ಜಿ ಮಾತ್ರೆ, ಹಸಿವು ಜಾಸ್ತಿ ಮಾಡುತ್ತದೆ, ಜೊತೆಗೆ ನಿದ್ದೆ ಎಳೆಯುತ್ತದೆ. ರಾತ್ರಿ ಪಾಳಿಯಲ್ಲಿ ಓಡುವ ಮಷಿನ್ ಮುಂದೆ ನಿಲ್ಲುವವನಿಗೆ ಇದನ್ನು ಕೊಡುವವನು ಗೆಳೆಯನಾ? ಕೆಲವರು ಇದರ ಜೊತೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆಯನ್ನೂ ನುಂಗಿಸುತ್ತಾರೆ. ಮುಖ ಉಬ್ಬುತ್ತದೆ, ತೂಕ ಏರುತ್ತದೆ, ಆದರೆ ಅದರಲ್ಲಿ ಜಾಸ್ತಿ ನೀರು, ಕೊಬ್ಬು. ಮಾಂಸಖಂಡವನ್ನು, ಮೂಳೆಯನ್ನು ಅದು ಒಳಗಿಂದ ಕರಗಿಸುತ್ತದೆ. ಈ ವಿಷಯಕ್ಕೆ ಮಾತ್ರ ನಾನು ಜೋರಾಗಿ ಕೂಗಾಡಿದೆ, ಬೇಜಾರಿಲ್ಲ.

ಅಕ್ಟೋಬರ್‌ನಲ್ಲಿ ಬೆನ್ನು ಹಿಡಿಯಿತು. ಡೆಡ್‌ಲಿಫ್ಟ್ 55ರಲ್ಲಿ ಇತ್ತು, ವಿಡಿಯೊ ಮಾಡಿಸಿಕೊಳ್ಳಲು 70 ಹಾಕಿಕೊಂಡಿದ್ದ, ಬೆನ್ನು ಬಿಲ್ಲಿನ ಹಾಗೆ ಬಾಗಿದ್ದು ಅದೇ ವಿಡಿಯೊದಲ್ಲಿ ಕಾಣುತ್ತದೆ. ಕಾಲಿಗೆ ಜೋಮು ಇಳಿದಿರಲಿಲ್ಲ, ಡಾಕ್ಟರ್ ನೋಡಿ ಸ್ನಾಯು ಎಳೆತ ಅಷ್ಟೇ ಅಂದರು. ಹತ್ತು ದಿನ ಡೆಡ್‌ಲಿಫ್ಟ್ ಇಲ್ಲ, ಆಮೇಲೆ 30ರಿಂದ ಮತ್ತೆ ಶುರು. ಬುಕ್ಕಿನಲ್ಲಿ ಆ ದಿನದ ಕೆಳಗೆ ಅವನೇ "ಕೊಬ್ಬು" ಅಂತ ಬರೆದಿದ್ದಾನೆ.

ಡಿಸೆಂಬರ್ ಮೊದಲ ವಾರಕ್ಕೆ 26 ವಾರ ಆಯಿತು. ತೂಕ 58.2. ತೋಳು 10.2 ಇಂಚಿದ್ದದ್ದು 11.3, ತೊಡೆ 18.5ರಿಂದ 20.5, ಸೊಂಟ ಮುಕ್ಕಾಲು ಇಂಚು ಜಾಸ್ತಿ. ಏರಿದ ಐದು ಕೆಜಿಯೂ ಮಾಂಸ ಅಂತ ನಾನು ಹೇಳಲ್ಲ, ಸೊಂಟವೇ ಹೇಳುತ್ತಿದೆ. ಆದರೆ ಸ್ಕ್ವಾಟ್ 50 ಕೆಜಿ, ಬೆಂಚ್ 45, ಡೆಡ್‌ಲಿಫ್ಟ್ 65, ಎಲ್ಲ ಎಂಟೆಂಟು ಸಲ, ಬೆನ್ನು ನೇರ. ಹಿಮೋಗ್ಲೋಬಿನ್ 13.6. ಫೋಟೋದಲ್ಲಿ ನೋಡಿದರೆ ಸಿನಿಮಾ ಹೀರೋ ಏನೂ ಆಗಿಲ್ಲ, ಅಂಗಿ ಹೆಗಲಲ್ಲಿ ನಿಲ್ಲುತ್ತದೆ ಅಷ್ಟೇ. ಜೀನ್ಸ್ ಮಾತ್ರ ಎರಡು ಹೊಸದು ಬೇಕಾಯಿತು, ಹಳೆಯವು ತೊಡೆಗೆ ಏರುತ್ತಿಲ್ಲ.

ಹಸು ಕರು ಹಾಕಿದ್ದು ನವೆಂಬರ್ ಕೊನೆಗೆ, ಹೆಣ್ಣು ಕರು. ಅಕ್ಕ ಗಿಣ್ಣು ಮಾಡಿ ನನ್ನನ್ನೂ ಕರೆದಿದ್ದಳು. ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣು, ತಟ್ಟೆಯಲ್ಲಿ ನಡುಗುತ್ತಿತ್ತು. ಹುಡುಗ ಬುಕ್ಕು ತೆಗೆದು, ಪೆನ್ನು ಬಿಚ್ಚಿ, "ಮಾವ, ಇದರಲ್ಲಿ ಎಷ್ಟು ಗ್ರಾಂ ಪ್ರೋಟೀನ್ ಬರೀಲಿ?" ಅಂದ.

ಅಕ್ಕ ಬುಕ್ಕು ಕಿತ್ತುಕೊಂಡು ಗೂಟಕ್ಕೆ ಹಾಕಿದಳು. "ಮೊದ್ಲು ತಿನ್ನೋ."